ಕಾಗದಕ್ಕೆ ಕುಗ್ಗಿದ ಮೇಜು

ಗಂಡ ತೀರಿಕೊಳ್ಳುವ ಹಿಂದಿನ ದಿನ ಇಬ್ಬರೂ ಇಂಚಿನ ವಿಷಯಕ್ಕೆ ಜಗಳವಾಡಿದ್ದರು.

ಟೈಲರಮ್ಮ ಎಂದಿನಂತೆ ನೆಲದ ಮೇಲೆ ಬಟ್ಟೆ ಹರಡಿ, ಮೊಣಕಾಲೂರಿ ಕತ್ತರಿ ಆಡಿಸುತ್ತಿದ್ದಳು. ಗಂಡ ಕೆಲಸಕ್ಕೆ ಹೊರಟವನು ಬಾಗಿಲಲ್ಲಿ ನಿಂತ.

"ಸೊಂಟ ಬಿದ್ದುಹೋಗುತ್ತೆ ನಿಂದು. ನಿನ್ನ ಮೇಜಿನ ನಕ್ಷೆ ಮುಗೀತು. ಅಳತೆ ಬರೆಯೋದೊಂದು ಬಾಕಿ."

"ಹೋದ ವರ್ಷದಿಂದ ಅದೇ ರಾಗ. ಎಷ್ಟು ಇಂಚು ಎತ್ತರ, ಅದನ್ನಾದ್ರೂ ಹೇಳಿ."

"ಇಂಚಲ್ಲಿ ಯಾರು ಬರೀತಾರೆ? ಮಿಲಿಮೀಟರ್."

"ಹಾಗಾದ್ರೆ ಇವತ್ತು ಮಿಲಿಮೀಟರನ್ನೇ ಬೇಯಿಸಿ ಹಾಕ್ತೀನಿ, ಬನ್ನಿ."

ಅವನು ನಗುತ್ತ ಹೋದ. ರಾತ್ರಿ ಉಂಡ, ಮಲಗಿದ. ಬೆಳಿಗ್ಗೆ ಎದ್ದು ಕುರ್ಚಿಯಲ್ಲಿ ಕುಳಿತವನು ಹಾಗೇ ಒರಗಿದ. ಹೃದಯ ನಿಂತಿತ್ತು. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ಅವನದು ನಕ್ಷೆ ಬರೆಯುವ ಕೆಲಸ. ಬಡಗಿಯ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಬೀರು, ಬಾಗಿಲು, ಮಂಚ ಬರೆಯುತ್ತಿದ್ದ. ಮರದ ಪುಡಿ ಬೀಳದಿರಲೆಂದು ಕಂಪ್ಯೂಟರಿಗೆ ಹಳೇ ದಿಂಬಿನ ಚೀಲ ಹೊದಿಸುತ್ತಿದ್ದ. ಟೈಲರಮ್ಮ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅವಳಿಗೂ ಅವನು ಒಂದು ಮಾತು ಅರ್ಥ ಮಾಡಿಸಿದ್ದ. ಕಂಪ್ಯೂಟರ್ ಒಳಗೆ ಆರಡಿ ಬಾಗಿಲು ಆರಡಿಯೇ ಇರುತ್ತದೆ. ಅಲ್ಲಿ ಜಾಗಕ್ಕೇನು ಬರ. ಕಾಗದಕ್ಕೆ ಇಳಿಸುವಾಗ ಮಾತ್ರ, ಇಷ್ಟರಲ್ಲಿ ಒಂದು ಪಾಲು ಎಂದು ಚಿಕ್ಕದು ಮಾಡಿ ಅಚ್ಚು ಹಾಕಬೇಕು. ಒಳಗಿನ ಗೆರೆಯನ್ನು ಮುಟ್ಟಬಾರದು.

ಬಡಗಿ ಮುಟ್ಟಿದ್ದ.

ಎರಡು ತಿಂಗಳ ಮೇಲೆ ಅವನೇ ಬಂದು ತಲೆ ಕೆರೆಯುತ್ತ ನಿಂತ. "ಅಕ್ಕ, ಅಣ್ಣ ಬರೆದಿದ್ದ ಮೇಜು ಮಾಡಿಕೊಡೋಣ ಅಂತ ತೆಗೆದೆ. ಅಚ್ಚು ಹಾಕಿದ್ರೆ ಕಾಗದದಲ್ಲಿ ಒಂದು ಕಾಲು ಮಾತ್ರ ಬಂತು. ಹಿಡಿಸಲಿ ಅಂತ ಮೌಸ್ ಎಳೆದು ಮೇಜನ್ನೇ ಕುಗ್ಗಿಸಿಬಿಟ್ಟೆ. ಹಾಗೇ ಸೇವ್ ಆಯ್ತು."

"ಮತ್ತೆ ಹಿಗ್ಗಿಸು."

"ಎಷ್ಟು ಕುಗ್ಗಿಸಿದೆ ಅಂತ ಗೊತ್ತಿದ್ರೆ ತಾನೇ. ಅಣ್ಣ ಅಳತೆ ಬರೆದಿರಲಿಲ್ಲ. ಈಗ ಎತ್ತರ ಅರವತ್ತೊಂದೂ ಚಿಲ್ಲರೆ ಅಂತ ತೋರಿಸುತ್ತೆ. ಅರವತ್ತೊಂದು ಮಿಲಿಮೀಟರ್ ಅಂದ್ರೆ ಇರುವೆಗೆ ಊಟದ ಮೇಜು." ನಕ್ಕ. ಅವಳು ನಗಲಿಲ್ಲ. ಅವನೂ ನಿಲ್ಲಿಸಿದ. "ಟೈಲರ್ ಮೇಜು ಅಂದ್ರೆ ಮಾಮೂಲಿ ಮೂವತ್ತಾರು ಇಂಚು. ಅಷ್ಟಕ್ಕೆ ಹೊಂದಿಸಿಬಿಡ್ತೀನಿ, ಬಿಡಿ."

"ಹಾಗಾದ್ರೆ ಅದು ನಿನ್ನ ಮೇಜು. ನನಗೆ ಅವರ ಮೇಜು ಬೇಕು."

ಅವಳು ಬೇರೇನೂ ಕೇಳಿದವಳಲ್ಲ. ಗಂಡ ಊರಿಗೆಲ್ಲ ಬರೆದುಕೊಟ್ಟಿದ್ದ. ಅವಳಿಗೆಂದು ಬರೆದದ್ದು ಇದೊಂದೇ. ಅದರ ಎತ್ತರವೂ ಅಂದಾಜಾಗಿಬಿಟ್ಟರೆ ಉಳಿಯುವುದು ನಾಲ್ಕು ಕಾಲಿನ ಮರ. ಸೆರಗು ಸಿಕ್ಕಿಸಿಕೊಂಡು ಕಾರ್ಖಾನೆಗೆ ಹೊರಟಳು.

ಪರದೆಯ ಮೇಲೆ ಬಿಳಿ ಗೆರೆಗಳ ಮೇಜು. ಪಕ್ಕದಲ್ಲಿ ಒಂದು ಹೆಂಗಸಿನ ಗೆರೆಚಿತ್ರ, ಪಕ್ಕಕ್ಕೆ ತಿರುಗಿ ನಿಂತದ್ದು, ಹಿಂದೆ ತುರುಬು.

"ಇದ್ಯಾರು?"

"ನೀವೇ. ಗಿರಾಕಿಗೆ ಅಂದಾಜು ಸಿಗಲಿ ಅಂತ ಅಣ್ಣ ಎಲ್ಲ ನಕ್ಷೆಗೂ ನಿಮ್ಮನ್ನ ನಿಲ್ಲಿಸ್ತಿದ್ರು. ಊರಲ್ಲಿ ಅರ್ಧ ಬೀರುಗಳ ಪಕ್ಕ ನೀವೇ ಇದ್ದೀರಿ."

"ಯಾರ ಅಪ್ಪಣೆ ಕೇಳಿ ನಿಲ್ಲಿಸಿದ್ರಂತೆ?"

ಬಡಗಿ ಪರದೆಯನ್ನೇ ನೋಡುತ್ತಿದ್ದ. ಮೇಜು ಕುಗ್ಗಿದಾಗ ಹೆಂಗಸೂ ಅಷ್ಟೇ ಪಾಲು ಕುಗ್ಗಿದ್ದಾಳೆ. ಅವಳ ನಿಜವಾದ ಎತ್ತರ ಗೊತ್ತಾದರೆ ಮೇಜಿನದೂ ಸಿಕ್ಕಿತು. ಕಾಲಿಂದ ತಲೆಗೆ ಗುರುತಿಟ್ಟು, ಇದು ಇಂತಿಷ್ಟು ಎಂದು ಬರೆದರೆ ಮಿಕ್ಕದ್ದನ್ನು ಕಂಪ್ಯೂಟರೇ ಸರಿಮಾಡುತ್ತದೆ.

"ನಿಮ್ಮ ಎತ್ತರ ಎಷ್ಟಕ್ಕ?"

"ಐದಡಿ. ಮದುವೆಗೆ ಮುಂಚೆ ಅಳೆದಿದ್ದು."

ಅವನು ಐದಡಿಯನ್ನು ಮಿಲಿಮೀಟರಿಗೆ ತಿರುಗಿಸಿ ಒತ್ತಿದ. ಮೇಜು ಹಿಗ್ಗಿತು. ಎತ್ತರ ಎಂಟುನೂರ ತೊಂಬತ್ತೊಂದು, ಮುಂದೆ ಚುಕ್ಕೆ, ಅದರ ಮುಂದೆ ಬಾಲ. ಉದ್ದವೂ ಹಾಗೇ, ಚಿಲ್ಲರೆ.

"ಇಲ್ಲ," ಎಂದ ಬಡಗಿ. "ಅಣ್ಣ ಚಿಲ್ಲರೆ ಅಳತೆ ಬರೆಯೋ ಆಸಾಮಿ ಅಲ್ಲ. ಸೊನ್ನೆಗೆ ಬಂದು ಮುಟ್ಟದಿದ್ರೆ ನಿದ್ದೆ ಬರ್ತಿರಲಿಲ್ಲ ಅವರಿಗೆ."

ಅವನು ಹಳೆಯ ಬೀರುವೊಂದರ ನಕ್ಷೆ ತೆಗೆದ. ಅಲ್ಲಿ ಹೆಂಗಸು ಕಂಬದ ಹಾಗೆ ನೆಟ್ಟಗಿದ್ದಳು. ಮತ್ತೆ ಮೇಜಿನದನ್ನು ತೆಗೆದ. ಇಲ್ಲಿಯವಳ ಭುಜ ಮುಂದೆ ಜಾರಿತ್ತು. ಕತ್ತು ಬಾಗಿತ್ತು. ಒಂದು ಕೈ ಸೊಂಟದ ಮೇಲಿತ್ತು.

ಹಳೆಯ ಚಿತ್ರವನ್ನೇ ತಂದು ಅಂಟಿಸಿರಲಿಲ್ಲ. ಗಂಡ ಈ ಮೇಜಿಗೆಂದು ಹೊಸದಾಗಿ ಬರೆದಿದ್ದ.

ಟೈಲರಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಕನ್ನಡಿಯಲ್ಲಿ ತಾನೇ ನೋಡಲೊಲ್ಲದ ಬೆನ್ನನ್ನು ಅವನು ಗೆರೆ ಬಿಡದೆ ಬರೆದಿಟ್ಟಿದ್ದ. ಬೆನ್ನು ಬಾಗಿದೆ ಎಂದು ಒಂದು ದಿನವೂ ಬಾಯಿಬಿಟ್ಟು ಅಂದಿರಲಿಲ್ಲ.

"ನನ್ನನ್ನ ಈಗ ಅಳೆ," ಎಂದಳು.

ಬಡಗಿ ಅವಳನ್ನು ಬಾಗಿಲ ಚೌಕಟ್ಟಿನ ಪಕ್ಕ ನಿಲ್ಲಿಸಿ ಟೇಪು ಎಳೆದ. "ಸ್ವಲ್ಪ ನೆಟ್ಟಗೆ, ಅಕ್ಕ."

"ನಾನು ನಿಲ್ಲೋದೇ ಹೀಗೆ. ಇದನ್ನೇ ಅಳೆ."

ಸಾವಿರದ ನಾನೂರ ಎಪ್ಪತ್ತು. ಅದನ್ನು ಒತ್ತಿದ. ಮೇಜು ಈ ಸಲ ಸ್ವಲ್ಪವೇ ಕೆಳಗಿಳಿಯಿತು. ಎತ್ತರ ಎಂಟುನೂರ ಅರವತ್ತು. ಉದ್ದ ಸಾವಿರದ ಎಂಟುನೂರು. ಬಾಲವಿಲ್ಲ, ಚುಕ್ಕೆಯಿಲ್ಲ.

ಹೊರಗೆ ಗರಗಸ ನಿಂತು ಮತ್ತೆ ಶುರುವಾಯಿತು.

"ಅಣ್ಣ ನಿಮ್ಮನ್ನ ಯಾವಾಗ ಅಳೆದ್ರು?" ಬಡಗಿ ಕೇಳಿದ.

"ಅಳೆದೇ ಇಲ್ಲ," ಎಂದಳು. ಆಮೇಲೆ, "ನನಗೆ ಗೊತ್ತಾಗೋ ಹಾಗೆ ಅಳೆದಿಲ್ಲ," ಎಂದಳು.

ಒಂದು ವಾರಕ್ಕೆ ಮೇಜು ಬಂತು. ಮೊದಲ ದಿನ ಅವಳು ಅದರ ಮೇಲೆ ಏನೂ ಕತ್ತರಿಸಲಿಲ್ಲ, ಎರಡೂ ಅಂಗೈ ಊರಿ ನಿಂತಳು. ಮೊಣಕೈ ಎಲ್ಲಿ ಮಡಚಬೇಕೋ ಅಲ್ಲೇ ಮಡಚಿತು. ಸೊಂಟ ಏನೂ ಅನ್ನಲಿಲ್ಲ. ಅಷ್ಟು ಹೊತ್ತಿಗೆ ಅಳು ಬಂತು, ಅತ್ತಳು. ಮರುದಿನದಿಂದ ಕೆಲಸ.

ಮೇಜು ಕೋಣೆಗೆ ದೊಡ್ಡದಾಯಿತು. ಅದರ ಅಡಿ ದಾರದ ತುಂಡು, ಬಟ್ಟೆಯ ಚೂರು ಗುಡ್ಡೆ ಬೀಳುತ್ತವೆ. ಗುಡಿಸಬೇಕಲ್ಲ, ಅದನ್ನು ಗಂಡ ಲೆಕ್ಕಕ್ಕೆ ಹಿಡಿದಿರಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ಅವಳು ಪೊರಕೆ ಹಿಡಿದು ಮಂಡಿಯೂರಿ ಮೇಜಿನಡಿ ನುಗ್ಗುತ್ತಾಳೆ. ಗೋಡೆಯ ಮೂಲೆಯವರೆಗೂ ಕೈ ಚಾಚಿ ದಾರಗಳನ್ನು ಎಳೆದುಕೊಳ್ಳುತ್ತಾಳೆ, ಅವನನ್ನು ಬೈಯುತ್ತ.