ಅತ್ತೆಗೆ ಹೇಳಿದ ಜಿಚಾನ್‌ನ ಕಥೆ

ಚನ್ನಮ್ಮ ಧಾರವಾಡದಿಂದ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿಗೆ ಬಂದದ್ದು ೨೦೦೩ರಲ್ಲಿ, ಗಂಡ ತೀರಿಕೊಂಡ ಮೇಲೆ. ಮಗ ಮಲ್ಲಪ್ಪ ಅಲ್ಲಿ ಜಿಪಿ, ಅಂದರೆ ಬಡಾವಣೆಯ ವೈದ್ಯ. ಅವನು ಕ್ಲಿನಿಕ್ಕಿಗೆ ಹೋದರೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಸೊಸೆ ವೇದಾ ಪಿಎಚ್‌ಡಿ ಮಾಡುತ್ತಿದ್ದಳು. ಎರಡೂವರೆ ಸಾವಿರ ವರ್ಷದ ಹಿಂದಿನ ಚೀನೀ ಮಂತ್ರಿ ಜಿಚಾನ್‌ನ ಮೇಲೆ.

"ಯಾರವ್ವಾ ಅಂವ? ದಿನಾ ಅವನ್ನ ಹಿಡ್ಕೊಂಡು ಕುಂತಿರ್ತಿ," ಎಂದು ಚನ್ನಮ್ಮ ಒಂದು ಮಧ್ಯಾಹ್ನ ಕೇಳಿದರು.

ವೇದಾ ಹೇಳತೊಡಗಿದಳು. ಅವನದು ಎರಡು ದೊಡ್ಡ ರಾಜ್ಯಗಳ ನಡುವೆ ಸಿಕ್ಕ ಪುಟ್ಟ ನಾಡು. ಹೊಲಗಳಿಗೆ ಗಡಿ ಹಾಕಿಸಿ ಕಾಲುವೆ ತೋಡಿಸಿದಾಗ, ಇವನನ್ನು ಕೊಲ್ಲುವವರ ಜೊತೆ ನಾವೂ ಇದ್ದೇವೆಂದು ಜನ ಹಾಡು ಕಟ್ಟಿದರು. ಮೂರು ವರ್ಷಕ್ಕೆ ಅದೇ ಜನ, ಇವನು ಸತ್ತರೆ ನಮಗ್ಯಾರು ದಿಕ್ಕು ಎಂದು ಹಾಡಿದರು. ಕಾನೂನನ್ನು ಮುಚ್ಚಿಡದೆ ಕಂಚಿನ ಪಾತ್ರೆಗಳ ಮೇಲೆ ಎರಕ ಹೊಯ್ಯಿಸಿದ. ದೊಡ್ಡ ರಾಜ್ಯದವರು ಕಾಣಿಕೆ ತಂದ ತನ್ನ ದೊರೆಯನ್ನು ಸುಮ್ಮನೆ ಕಾಯಿಸಿದಾಗ, ಅತಿಥಿಗೃಹದ ಗೋಡೆ ಕೆಡವಿಸಿ ಕಾಣಿಕೆಯ ಗಾಡಿಗಳನ್ನು ಒಳಗೆ ನುಗ್ಗಿಸಿದ. ಕೊನೆಗೆ ಅವರೇ ಕ್ಷಮೆ ಕೇಳಿದರು.

"ಭಾಳ ಚಲೋ ಮಾಡಿದ ನೋಡು!" ಚನ್ನಮ್ಮ ತೊಡೆ ತಟ್ಟಿ ನಕ್ಕರು. ಅಂದಿನಿಂದ ಊಟವಾದ ಮೇಲೆ ಕಥೆ ಆಗಲೇಬೇಕಿತ್ತು.

ಮರುವರ್ಷ ಅವರ ಹೊಟ್ಟೆಯಲ್ಲಿ ಕ್ಯಾನ್ಸರ್ ಕಂಡಿತು. ಆಪರೇಷನ್ ಮಾಡುವ ಹಂತ ದಾಟಿತ್ತು. ಕಥೆಯಲ್ಲೂ ಜಿಚಾನ್ ಸಾಯುವ ಹೊತ್ತು ಬಂದಿತ್ತು. ಅದನ್ನು ಹೇಳಲು ವೇದಾಗೆ ಬಾಯಿ ಬರಲಿಲ್ಲ. ನಡೆಯದ ಸಂಧಾನ, ಮಾಡದ ಸುಧಾರಣೆ ಹುಟ್ಟಿಸಿ ಅವನನ್ನು ಬದುಕಿಸಿಟ್ಟಳು.

"ಇದು ನಿನ್ನ ಪುಸ್ತಕದಾಗ ಇಲ್ಲ," ಚನ್ನಮ್ಮ ಒಂದು ದಿನ ಅವಳ ಕೈ ಹಿಡಿದರು. "ಮೊದಲೆಲ್ಲಾ ಹಾಳಿ ತಿರುವಿ ಹೇಳ್ತಿದ್ದಿ. ಈಗ ಕಿಡಕಿ ಕಡೆ ನೋಡ್ಕೋತ ಹೇಳ್ತಿ. ಅಂವ ಹೆಂಗ ಸತ್ತ, ಹೇಳಿಬಿಡು. ನಾ ಅಂಜೂದಿಲ್ಲ."

"ನಾಳೆ ಹೇಳ್ತೀನಿ ಅತ್ತೀ," ಎಂದು ವೇದಾ ಗಂಜಿ ಕಾಸಲು ಎದ್ದುಹೋದಳು.

ಮರುದಿನ ಚನ್ನಮ್ಮನಿಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯಲ್ಲಿ ವೇದಾ ಅವರ ಕಿವಿಯ ಹತ್ತಿರ ಬಗ್ಗಿ, "ಜಿಚಾನ್‌ಗ ಜಡ್ಡಾತು ಅತ್ತೀ..." ಎಂದು ಶುರುಮಾಡಿದಳು. ಮುಂದಿನದನ್ನು ಬಿಟ್ಟು ಅವರ ಹೊದಿಕೆ ಸರಿಮಾಡಿದಳು. ಸಂಜೆಯ ಹೊತ್ತಿಗೆ ಉಸಿರು ನಿಂತಿತು.

ಲಿಂಗಾಯತರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಲು ಅಲ್ಲಿ ಆಗಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಿದರು. "ಅವ್ವನ್ನ ಮಲಗಿಸಿಬಿಟ್ವಿ," ಎಂದು ಮಲ್ಲಪ್ಪ ಎಲ್ಲರೆದುರು ಅತ್ತುಬಿಟ್ಟ.

ಪಿಎಚ್‌ಡಿ ಅಲ್ಲಿಗೇ ನಿಂತಿತು. ಗೈಡ್ ಫೋನ್ ಮಾಡಿ ಮಾಡಿ ಬಿಟ್ಟರು. "ಇಷ್ಟು ಓದಿ ಹಿಂಗ ಬಿಟ್ರ ಹೆಂಗ?" ಎಂದು ಗಂಡ ಕೇಳಿದಾಗ, "ಬರ್ದು ಯಾರಿಗೆ ಹೇಳ್ಲಿರೀ?" ಎಂದಳು ವೇದಾ.