ಸೀರೆ ಗಾರ್ಡು

ನಾನು ಶಾಲೆ ಬಿಟ್ಟದ್ದು 1996ರಲ್ಲಿ, ಎಂಟನೇ ಕ್ಲಾಸು ಅರ್ಧಕ್ಕೆ ಬಂದಾಗ. ಮನೆಯಲ್ಲಿ ಯಾರೂ ಬಿಡು ಎಂದವರಲ್ಲ. ಹೊನ್ನಾವರದಲ್ಲಿ ಸೋದರಮಾವನ ವೆಲ್ಡಿಂಗ್ ಅಂಗಡಿ ಇತ್ತು. ದಸರಾ ರಜೆಯಲ್ಲಿ ಅಲ್ಲಿ ಹೋಗಿ ಕೂತವನು ರಜೆ ಮುಗಿದ ಮೇಲೂ ಎದ್ದು ಬರಲಿಲ್ಲ, ಅಷ್ಟೆ. ಅಲ್ಲಿಂದ ಇಲ್ಲಿಯವರೆಗೆ ಕಬ್ಬಿಣವೇ ನನ್ನ ಪಾಠ, ಕಬ್ಬಿಣವೇ ಪರೀಕ್ಷೆ. ಈಗ ಹಳದೀಪುರದಲ್ಲಿ ಹೆದ್ದಾರಿ ಬದಿಗೆ ನನ್ನದೇ ಅಂಗಡಿ ಇದೆ. ಗೇಟು, ಕಿಟಕಿಯ ಗ್ರಿಲ್ಲು, ಮೆಟ್ಟಿಲಿನ ಕಂಬಿ, ಯಾವುದು ಬೇಕಾದರೂ ಮಾಡುತ್ತೇನೆ.

ಕೆಲಸದ ಬಗ್ಗೆ ನನಗೆ ಸೊಕ್ಕಿದೆ. ಗೇಟು ಕೂರಿಸುವ ದಿನ ನಾನು ಮನೆಯ ಯಜಮಾನನ ಹತ್ತಿರ ಹೆಚ್ಚು ಮಾತಾಡುವುದಿಲ್ಲ. ಒಳಗಿನ ಹೆಂಗಸರನ್ನು ಕರೆಯುತ್ತೇನೆ. "ಅಕ್ಕ, ಎರಡೂ ಕೈಲಿ ಸಾಮಾನು ಅದೆ ಅಂತ ತಿಳ್ಕೊಂಡು ಒಂದ್ಸಲ ನಡ್ದು ಬನ್ನಿ" ಎನ್ನುತ್ತೇನೆ. ಅವರು ನಗುತ್ತಾ ಬರುತ್ತಾರೆ. ಅವರ ಮೊಣಕೈ ಎಲ್ಲಿ ತಾಗುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆ ಎತ್ತರಕ್ಕೆ ಚಿಲಕ ಕೂರಿಸುತ್ತೇನೆ. ಗೇಟನ್ನು ದಿನಕ್ಕೆ ಹತ್ತು ಸಲ ತೆಗೆಯುವವರು ಅವರು. ಅವರನ್ನು ಕೇಳದೆ ಕೂರಿಸಿದ ಚಿಲಕ ಚಿಲಕವೇ ಅಲ್ಲ ಎಂದು ನಾನು ಎಷ್ಟೋ ಜನರ ಎದುರು ಭಾಷಣ ಮಾಡಿದ್ದೇನೆ. ಇದನ್ನು ಮೊದಲೇ ಹೇಳಿಕೊಳ್ಳುವುದಕ್ಕೆ ಕಾರಣವಿದೆ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಬೈಕು ಬದಲಿಸಿದೆ. ಹಳೆಯದು ಸಣ್ಣ ಗಾಡಿ, ಮದುವೆಯಾದಾಗಿನಿಂದ ಇದ್ದದ್ದು. ಹೆಂಡತಿ ಅದರ ಹಿಂದೆ ಕೂತು ಎಲ್ಲಿಗೆಲ್ಲ ಹೋಗಿದ್ದಳೋ ಲೆಕ್ಕವಿಲ್ಲ. ಅವಳು ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಹೋಗುತ್ತಾಳೆ, ದಿನಾ ಬೆಳಿಗ್ಗೆ ನಾನೇ ಬಿಟ್ಟು ಬರುತ್ತಿದ್ದೆ. ಗ್ಯಾಸ್ ಸಿಲಿಂಡರನ್ನು ಒಂದು ಕೈಯಲ್ಲಿ ತೊಡೆಗೆ ಒರಗಿಸಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಹೆಗಲು ಹಿಡಿದು, ಹೊಂಡ ಬಿದ್ದ ರಸ್ತೆಯಲ್ಲೂ ಹೂವಿನ ಹಾಗೆ ಕೂರುತ್ತಿದ್ದಳು.

ಹೊಸದು ಕ್ರೂಸರ್. ಕಾಲನ್ನು ಮುಂದಕ್ಕೆ ಚಾಚಿ, ಆರಾಮ ಕುರ್ಚಿಯಲ್ಲಿ ಕೂತ ಹಾಗೆ ಕೂತು ಓಡಿಸುವ ಗಾಡಿ. ಕಪ್ಪು ಟ್ಯಾಂಕಿ, ಹೊಳೆಯುವ ಸೈಲೆನ್ಸರು. ಅಂಗಡಿಯ ಎದುರು ನಿಲ್ಲಿಸಿದಾಗ ಬಸ್ಸಿನವರೂ ತಿರುಗಿ ನೋಡುತ್ತಿದ್ದರು.

ಪೂಜೆಯ ದಿನ ಹೆಂಡತಿ ತಟ್ಟೆ ಹಿಡಿದು ಬಂದಳು. ಚಕ್ರದಡಿಗೆ ಲಿಂಬೆಹಣ್ಣು ಇಟ್ಟಾಯಿತು, ಕಾಯಿ ಒಡೆದಾಯಿತು. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಬೆರಳಿಗೆ ತೆಗೆದುಕೊಂಡು ಟ್ಯಾಂಕಿಯ ಕಡೆ ಕೈ ಚಾಚಿದಳು.

"ಟ್ಯಾಂಕಿಗೆ ಬೇಡ, ಕಲೆ ಬೀಳ್ತದೆ" ಎಂದೆ.

ದೀಪದ ಕಡೆ ಹೋದಳು. "ಅದು ಕ್ರೋಮು, ಅಲ್ಲೂ ಬೇಡ."

"ಹಂಗಾರೆ ಎಲ್ಲಿ ಹಚ್ಚೂದು? ನಿಮ್ಮ ಹಣೆಗಾ?"

ಸುತ್ತ ನಿಂತವರು ನಕ್ಕರು. ಅವಳು ಗಾಡಿಗೆ ಒಂದು ಸುತ್ತು ಬಂದು ಎಡಬದಿಗೆ ಕೂತಳು. ಅಲ್ಲಿ ಹಿಂದಿನ ಚಕ್ರದ ಪಕ್ಕ ಸೀರೆ ಗಾರ್ಡು ಇತ್ತು. ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರುವ ಹೆಂಗಸರ ಸೆರಗು ಚಕ್ರಕ್ಕೆ ಸಿಗದ ಹಾಗೆ ಕಂಪನಿಯವರೇ ಹಾಕಿ ಕೊಡುವ ಸರಳಿನ ಚೌಕಟ್ಟು. "ಇದು ನನ್ನ ಬದಿ. ಇಲ್ಲಿ ಹಚ್ಚಿದ್ರೆ ನಿಮ್ಗೆ ತಕರಾರು ಇಲ್ಲ ಅಲ್ದಾ?" ಎಂದು ಮೂರು ಬೆರಳು ಒಟ್ಟಿಗೆ ಇಟ್ಟು ಅದರ ಮೇಲೆ ಎಳೆದಳು.

ತಕರಾರು ಇರಲಿಲ್ಲ. ಅದು ನನ್ನ ಕಣ್ಣಿಗೆ ಬೀಳುವ ಜಾಗವೇ ಆಗಿರಲಿಲ್ಲ.

ಕೆಲವು ದಿನ ಕಳೆದು ಹೆದ್ದಾರಿಯಲ್ಲಿ ಗುಂಪಾಗಿ ಹೊರಟಿದ್ದ ಬೈಕಿನವರು ನನ್ನ ಅಂಗಡಿಯೆದುರು ನಿಂತರು. ಒಬ್ಬನ ಸ್ಟ್ಯಾಂಡಿನ ಪಟ್ಟಿ ತುಂಡಾಗಿತ್ತು. ಬೆಸೆದು ಕೊಟ್ಟೆ. ಅವರ ಗಾಡಿಗಳೆಲ್ಲ ನನ್ನ ಗಾಡಿಯ ಜಾತಿಯವೇ, ಆದರೆ ಬೇರೆಯೇ ಕಾಣುತ್ತಿದ್ದವು. ಹಿಂದಿನ ಸೀಟಿಲ್ಲ, ಮಡ್‌ಗಾರ್ಡು ಬರಿದಾಗಿ ಬಾಗಿ ಇಳಿದಿತ್ತು, ಒಂಟಿ ಸೀಟು. ಹೊರಡುವಾಗ ಒಬ್ಬ ನನ್ನದನ್ನು ನೋಡಿ, "ಅಣ್ಣಾ, ಗಾಡಿ ಸೂಪರ್. ಆದ್ರೆ ಇನ್ನೂ ಶೋರೂಮ್ ಗಾಡಿನೇ" ಎಂದು ಹೇಳಿ ಹೋದ.

ಆ ಮಾತು ನನಗೆ ನಾಟಿತು. ಇಷ್ಟು ವರ್ಷ ಮಂದಿಯ ಕಬ್ಬಿಣವನ್ನು ಬೇಕಾದ ಹಾಗೆ ಬಗ್ಗಿಸಿದವನು ನಾನು. ನನ್ನ ಗಾಡಿಯೇ ಬೇರೆಯವರು ಕೊಟ್ಟ ಹಾಗೆ ಇದೆಯೆಂದರೆ ಹೇಗೆ? ಮರುದಿನವೇ ಸ್ಟೀಲಿನ ದಪ್ಪ ಕೊಳವೆ ಬಗ್ಗಿಸಿ ಮುಂದಕ್ಕೆ ಕ್ರ್ಯಾಶ್ ಗಾರ್ಡು ಮಾಡಿದೆ. ಬೆಸುಗೆಯ ಜಾಗ ಬೆರಳಿಗೆ ಸಿಗದಷ್ಟು ನಯವಾಗಿ ಉಜ್ಜಿದೆ. ಉಳಿದದ್ದಕ್ಕೆ ಒಂದು ಶನಿವಾರ ಭಟ್ಕಳಕ್ಕೆ ಹೋದೆ. ಬೈಕು ಬದಲಾಯಿಸಿ ಕೊಡುವುದರಲ್ಲಿ ಅಲ್ಲಿಯ ಒಂದು ಅಂಗಡಿಯ ಹೆಸರು ಎಲ್ಲ ಕಡೆ ಕೇಳಿದ್ದೆ. ದುಬೈಯಿಂದ ರಜೆಗೆ ಬಂದ ಪ್ರಾಯದವರೆಲ್ಲ ಗಾಡಿ ತಂದು ನಿಲ್ಲಿಸುವ ಜಾಗ.

ಅಂಗಡಿಯವ ಗಾಡಿಯ ಸುತ್ತ ಒಂದು ಸಲ ನಡೆದು ಕೇಳಿದ್ದು ಒಂದೇ ಪ್ರಶ್ನೆ.

"ಭಾಯ್, ಫ್ಯಾಮಿಲಿ ಲುಕ್ ಬೇಕಾ, ಗಾಡಿ ಲುಕ್ ಬೇಕಾ?"

"ಗಾಡಿ ಲುಕ್" ಎಂದೆ.

ದುಂಡು ಕನ್ನಡಿ ಬಂತು, ಅಗಲದ ಹ್ಯಾಂಡಲು ಬಂತು. ಹಿಂದಿನ ಸೀಟು ಹೋಯಿತು, ಹಿಂದಿನ ಫುಟ್‌ರೆಸ್ಟು ಹೋಯಿತು, ಕೊನೆಗೆ ಸೀರೆ ಗಾರ್ಡು. ಸೀಟನ್ನೂ ಫುಟ್‌ರೆಸ್ಟನ್ನೂ ಅವನು ನನಗೆ ಕೊಡಲು ಒಂದು ಚೀಲಕ್ಕೆ ತುಂಬಿದ. ಗಾರ್ಡನ್ನು ಕೈಯಲ್ಲಿ ಹಿಡಿದು, "ಇದು?" ಎಂದ.

"ಇಲ್ಲೇ ಇರ್ಲಿ."

ಆ ದಿನ ಹೆಂಡತಿಯ ನೆನಪಾಗಲೇ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಲ್ಲಿ ಆಗಲಿಲ್ಲ, ನಿಜ. ಆದರೆ ವಾಪಸ್ಸು ಬರುವಾಗ ಹೊನ್ನಾವರದ ಸೇತುವೆಯ ಮೇಲೆ, ಶರಾವತಿಯ ಗಾಳಿ ಎದೆಗೆ ಬಡಿಯುತ್ತಿದ್ದಾಗ, ಅವಳು ಸರಿಯಾಗಿಯೇ ನೆನಪಾದಳು. ಬೆನ್ನ ಹಿಂದೆ ಖಾಲಿ ಅನಿಸಿತು. ಅವಳಿಗೆ ಬಸ್ಸಿದೆಯಲ್ಲ, ಆಟೋ ಇದೆಯಲ್ಲ ಎಂದುಕೊಂಡೆ. ಅಷ್ಟು ಅಂದುಕೊಳ್ಳುವುದಕ್ಕೆ ಸೇತುವೆಯ ಅರ್ಧವೂ ಬೇಕಾಗಲಿಲ್ಲ. ಬೇರೆ ಯಾವುದಕ್ಕಿಂತ ನನಗೆ ನಾಚಿಕೆ ತರುವುದು ಇದೇ.

ಸಂಜೆ ಗಾಡಿಯನ್ನು ಅಂಗಡಿಯೊಳಗೆ ಇಟ್ಟು ತಾಡಪತ್ರಿ ಮುಚ್ಚಿದೆ. ಮರುದಿನ ಹೊಳನಗದ್ದೆಯಲ್ಲಿ ಅವಳ ಅಣ್ಣನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇತ್ತು. ಅಲ್ಲಿ ಎಲ್ಲರೂ ಗಾಡಿ ನೋಡಬೇಕು ಎಂದು ನಾನು ವಾರದಿಂದ ಹೇಳುತ್ತಿದ್ದೆ.

ಬೆಳಿಗ್ಗೆ ಅವಳು ಹೊಸ ಸೀರೆ ಉಟ್ಟು, ಮಗುವಿನ ಬಟ್ಟೆಯ ಚೀಲ ಹಿಡಿದು ಅಂಗಡಿಯ ಹತ್ತಿರ ಬಂದಳು. ನಾನು ಗಾಡಿ ಹೊರಗೆ ತಂದು ಚಾಲೂ ಮಾಡಿ ಕೂತಿದ್ದೆ. ಅವಳು ಅಭ್ಯಾಸದ ಹಾಗೆ ಎಡಬದಿಗೆ ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೂರಲು ತಿರುಗಿದಳು. ಕೈ ಕೆಳಗೆ ಹೋಗಿ ತಗಡನ್ನು ಮುಟ್ಟಿತು.

"ಸೀಟೆಲ್ಲಿ?"

"ತೆಗ್ಸಿದೆ. ಈಗಿನ ಸ್ಟೈಲು ಹಂಗೇ."

"ಹೌದಾ."

ಒಂದು ಕ್ಷಣ ಚಕ್ರದ ಕಡೆ ನೋಡಿದಳು. ಗಾರ್ಡು ಇದ್ದ ಜಾಗದಲ್ಲಿ ಬೋಲ್ಟಿನ ತೂತು ಇತ್ತು. ಬೈದಿದ್ದರೆ ನನ್ನ ಹತ್ತಿರ ಉತ್ತರ ತಯಾರಿತ್ತು. ಅವಳು ಸಿಕ್ಕಿಸಿದ ಸೆರಗು ಬಿಡಿಸಿ ಸರಿ ಮಾಡಿಕೊಂಡು, "ನಾ ಬಸ್ಸಿಗೆ ಬತ್ತೆ. ನೀವು ಗಾಡಿ ತಕಂಡು ಬನ್ನಿ. ಎಲ್ರೂ ನೋಡ್ಬೇಕು ಅಂದಿದ್ರಲ್ಲ" ಎಂದಳು.

ಬಸ್ಸು ಬಂತು, ಹತ್ತಿದಳು. ನಾನು ಹಿಂದೆ ಹೊರಟೆ. ಮುಂದೆ ಹೋಗುವುದಕ್ಕೆ ಆ ಗಾಡಿಗೆ ಎಷ್ಟು ಹೊತ್ತು ಬೇಕು? ಆದರೆ ಹೋಗಲಾಗಲಿಲ್ಲ. ಅದು ನಿಂತಲ್ಲೆಲ್ಲ ನಿಂತೆ, ಅದು ಬಿಟ್ಟ ಹೊಗೆ ಕುಡಿದೆ. ಹಿಂದಿನ ಕಿಟಕಿಯಿಂದ ಯಾರೋ ಒಬ್ಬ ನನ್ನ ಗಾಡಿಯನ್ನು ನೋಡಿ ಹೆಬ್ಬೆರಳು ಎತ್ತಿ ತೋರಿಸಿದ. ಅವನ ಮುಂದಿನ ಯಾವುದೋ ಸೀಟಿನಲ್ಲಿ ಅವಳು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

ಕುಮಟೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅವಳೇ ಆಟೋ ಕರೆದಳು. ನಾನು ಪಕ್ಕಕ್ಕೆ ಹೋಗಿ ನಿಂತೆ.

"ನೀವು ಆಟೋದ ಹಿಂದೇ ಬನ್ನಿ. ಒಟ್ಟಿಗೆ ಬಂದಂಗೆ ಕಾಣ್ಲಿ."

ಹೊಳನಗದ್ದೆಯ ಮನೆಯಂಗಳದಲ್ಲಿ ಬಾವ, ಎಂದರೆ ಅವಳ ಅಣ್ಣ, ಬಾಳೆಎಲೆ ತೊಳೆಯುತ್ತಿದ್ದ. ಗಾಡಿಯ ಸದ್ದಿಗೆ ಎದ್ದು ಬಂದ. ಒದ್ದೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸುತ್ತಲೂ ನೋಡಿದ. ಕ್ರ್ಯಾಶ್ ಗಾರ್ಡು ನಾನೇ ಮಾಡಿದ್ದು ಎಂದಾಗ ತಲೆದೂಗಿದ. ಹಿಂದಕ್ಕೆ ಹೋಗಿ ನಿಂತ.

"ಎಂತ ಬಾವ ಇದು, ನನ್ನ ತಂಗಿನ ಎಲ್ಲಿ ಕೂರ್ಸ್ತ್ರಿ? ಟ್ಯಾಂಕಿ ಮೇಲಾ?"

ಚಪ್ಪರದಡಿ ಇದ್ದವರೆಲ್ಲ ನಕ್ಕರು. "ಬಿಡ ಮಾರಾಯ, ಸೊಸೈಟಿ ಅಕ್ಕಿ ಚೀಲ ಇಟ್ಟಂಗೆ ಅಡ್ಡ ಇಟ್ಟು ಕಟ್ಕಂಡು ಬರ್ತ್ರು" ಎಂದು ಅಲ್ಲಿದ್ದ ಒಬ್ಬ ಮುದುಕ ಹೇಳಿದ, ಮತ್ತೆ ನಕ್ಕರು.

ಹೆಂಡತಿ ಅಷ್ಟರಲ್ಲಿ ಹೊಸ್ತಿಲು ದಾಟಿದ್ದಳು. ತಿರುಗಿ ನಿಂತು, "ಅಣ್ಣ, ನಾನೇ ತೆಗ್ಸಿ ಅಂದದ್ದು. ಅಷ್ಟು ದೊಡ್ಡ ಗಾಡಿ ಹಿಂದೆ ಕೂತ್ರೆ ನಂಗೆ ತಲೆ ತಿರುಗ್ತದೆ. ಬಸ್ಸೇ ಚಲೋ" ಎಂದಳು.

"ಹೌದಾ ಬಾವ?"

"ಹೌದು, ಅವ್ಳೇ ಹೇಳಿದ್ದು" ಎಂದೆ.

ಸಿಲಿಂಡರು ಹಿಡಿದು ಕೂರುತ್ತಿದ್ದವಳಿಗೆ ತಲೆ ತಿರುಗುತ್ತದೆ ಎಂದು ನಾನು ಸಾಕ್ಷಿ ಹೇಳಿದೆ. ಅವಳು ನನ್ನ ಮಾನ ಕಾಯಲು ತನ್ನನ್ನು ಪುಕ್ಕಲಿ ಮಾಡಿಕೊಂಡಳು, ನಾನು ಅದಕ್ಕೆ ರುಜು ಹಾಕಿದೆ. ಊಟಕ್ಕೆ ಕೂತಾಗ ಪಾಯಸ ಎರಡು ಸಲ ಬಡಿಸಿದರು, ರುಚಿ ತಿಳಿಯಲಿಲ್ಲ. ಒಳಗೆ ತೊಟ್ಟಿಲ ಹಾಡು ನಡೆದಿತ್ತು. ಎಲ್ಲರ ದನಿಯಲ್ಲಿ ಅವಳ ದನಿ ಬೇರೆಯಾಗಿ ಕೇಳುತ್ತಿತ್ತು, ಏನೂ ಆಗದ ಹಾಗೆ.

ಅದರ ಮಾರನೆಯ ದಿನದಿಂದ ಅವಳು ಶಾಲೆಗೆ ನಡೆದು ಹೋಗಲು ಶುರು ಮಾಡಿದಳು. ಬಿಡುತ್ತೇನೆ ಎನ್ನಲು ನನಗೆ ಸೀಟಿರಲಿಲ್ಲ. ಚೀಲದಿಂದ ಹಳೆ ಸೀಟು ತೆಗೆದು ಹಾಕಿದೆ, ಫುಟ್‌ರೆಸ್ಟು ಹಾಕಿದೆ. ಗಾರ್ಡೊಂದು ಉಳಿಯಿತು. ಅದೇನು ದೊಡ್ಡ ಕೆಲಸವೇ? ಸರಳು ತೆಗೆದು ಬಗ್ಗಿಸಲು ಕೂತೆ. ಒಂದು ಬದಿ ಬಗ್ಗಿಸಿಯೂ ಆಗಿತ್ತು. ಅಷ್ಟರಲ್ಲಿ ಅವಳ ಕುಂಕುಮದ ಕೈ ಕಣ್ಣೆದುರು ಬಂತು. ನಾನು ಎಂಥದ್ದು ಮಾಡಿದರೂ ಅದು ಅವಳು ಕುಂಕುಮ ಹಚ್ಚಿದ್ದು ಆಗುವುದಿಲ್ಲ. ಸರಳನ್ನು ಮೂಲೆಗೆ ಒಗೆದು ಭಟ್ಕಳಕ್ಕೆ ಹೊರಟೆ.

ಅಂಗಡಿಯವನಿಗೆ ನನ್ನ ಗುರುತಿತ್ತು. ವಿಷಯ ಹೇಳಿದಾಗ ನಕ್ಕ.

"ಯಾಕೆ ಭಾಯ್, ಮನೆಯಲ್ಲಿ ಜಗಳ ಆಯ್ತಾ?"

"ಜಗಳ ಆಗಿದ್ರೆ ಚಲೋ ಇತ್ತು" ಎಂದೆ.

ಅವನು ಮತ್ತೆ ನಗಲಿಲ್ಲ. ಅಂಗಡಿಯ ಹಿಂದೆ, ಶೀಟಿನ ಮಾಡಿನಡಿಗೆ ಕರೆದುಕೊಂಡು ಹೋದ. ಗುಜರಿಗೆ ಹೋಗಲು ಕಾದಿದ್ದ ಸಾಮಾನು ಅಲ್ಲಿ ಬೇರೆ ಬೇರೆ ರಾಶಿಯಾಗಿ ಬಿದ್ದಿತ್ತು. ಒಂದು ರಾಶಿ ಪೂರ್ತಿ ಸೀರೆ ಗಾರ್ಡು, ನನ್ನ ಸೊಂಟದೆತ್ತರ. ಒಂದರೊಳಗೆ ಒಂದು ಸಿಕ್ಕಿಕೊಂಡು ಬಿದ್ದಿದ್ದವು. ಇಷ್ಟು ಹೆಂಗಸರು, ಅನಿಸಿತು.

"ನಿಮ್ಮ ಮಾಡೆಲ್ ಈ ಬದಿಗೆ ಇದೆ. ಯಾವುದಾದ್ರೂ ತಗೊಳ್ಳಿ, ಎಲ್ಲ ಒಂದೇ."

ಕುಂಕುಮ ಇದ್ದದ್ದು ನನ್ನದು, ಸುಲಭ ಎಂದುಕೊಂಡು ಬಂದಿದ್ದೆ. ಬಗ್ಗಿ ನೋಡಿದರೆ ಕುಂಕುಮ ಹಚ್ಚಿದವು ನಾಲ್ಕಾರು ಇದ್ದವು. ಕೆಲವದಕ್ಕೆ ಅರಿಶಿನ, ಒಂದಕ್ಕೆ ದಾರ, ಇನ್ನೊಂದಕ್ಕೆ ಒಣಗಿದ ಹೂವಿನ ತೊಟ್ಟು. ಎಳೆದು ಎಳೆದು ನೋಡಿದೆ. ಆಗಲೇ ಒಂದು ಲೋಡು ಗುಜರಿಗೆ ಹೋಗಿದೆ ಎಂದು ಅಂಗಡಿಯವ ಹೇಳಿದ. ಕೊನೆಗೆ ನನ್ನ ಗಾಡಿಗೆ ಕೂರುವಂಥದ್ದು, ಕುಂಕುಮ ಚೆನ್ನಾಗಿ ಉಳಿದಿದ್ದದ್ದು ಒಂದನ್ನು ಆರಿಸಿ ತಂದೆ. ಇದೇ ಇರಬಹುದು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಗಾರ್ಡು ಕೂರಿಸಿ, ಬೋಲ್ಟು ಪೂರ್ತಿ ಬಿಗಿಯದೆ, ಅವಳನ್ನು ಹೊರಗೆ ಕರೆದೆ. ಗೇಟಿನ ಮನೆಯ ಹೆಂಗಸರನ್ನು ಕರೆಯುವ ಹಾಗೆ.

"ಒಂದ್ಸಲ ಕೂತು ನೋಡು. ಎತ್ತರ ಸರಿ ಅದೆಯಾ? ಬೇಕಾದ್ರೆ ಕೆಳಗೆ ಮಾಡ್ತೆ."

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಕೂರುವ ಮೊದಲು ಬಗ್ಗಿ ನೋಡಿದಳು.

"ಇದು ನಂದಲ್ಲ."

"ಹೆಂಗೆ ಗೊತ್ತಾತು?"

"ನಾ ಮೂರು ಬೆರಳಲ್ಲಿ ಎಳ್ದಿದ್ದೆ. ಇದು ಒಂದೇ ಬೊಟ್ಟು." ಬೊಟ್ಟಿನ ಮೇಲೆ ಬೆರಳಾಡಿಸಿ, "ಯಾರದ್ದೋ, ಪಾಪ" ಎಂದಳು.

ಒರೆಸಲಾ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದಳು. ಹೊಸದಾಗಿ ತನ್ನದು ಹಚ್ಚಲೂ ಇಲ್ಲ. ಹತ್ತಿ ಕೂತಳು, ಕಾಲು ಇಟ್ಟು ನೋಡಿದಳು. "ಆತು, ಸರಿ ಅದೆ" ಎಂದು ಇಳಿದು ಒಳಗೆ ಹೋದಳು. ನಾನು ಬೋಲ್ಟು ಬಿಗಿ ಮಾಡಿದೆ.

ಈಗ ಮತ್ತೆ ಬೆಳಿಗ್ಗೆ ಶಾಲೆಗೆ ಬಿಡುತ್ತೇನೆ. ಕರೆದರೆ ಬರುತ್ತಾಳೆ, ಕರೆಯದಿದ್ದರೆ ನಡೆದು ಹೋಗುತ್ತಾಳೆ. ಹೊಂಡ ಬಂದಾಗ ಅವಳ ಕೈ ನನ್ನ ಹೆಗಲಿಗೆ ಬರುವುದಿಲ್ಲ, ಕೆಳಗೆ ಸೀಟಿನ ಅಂಚನ್ನು ಹಿಡಿಯುತ್ತದೆ. ದುಂಡು ಕನ್ನಡಿಯಲ್ಲಿ ಅದು ಕಾಣುತ್ತದೆ.

ಈಗ ನನ್ನ ಹತ್ತಿರ ಇರುವುದು ಬೈಕು ಒಂದು, ಸೀಟು ಎರಡು, ಕನ್ನಡಿ ಎರಡು, ಹಿಂದಿನ ಫುಟ್‌ರೆಸ್ಟು ಎರಡು, ನಾನೇ ಮಾಡಿದ ಕ್ರ್ಯಾಶ್ ಗಾರ್ಡು ಒಂದು, ಸೀರೆ ಗಾರ್ಡು ಒಂದು. ಅದು ನಮ್ಮದಲ್ಲ.