ಮಸ್ಕತ್ ಮೇಸ್ತ್ರಿಯ ಹನ್ನೊಂದನೇ ರಾಜೀನಾಮೆ

ಅವರ ಬಲಗಿವಿಯಲ್ಲಿ ದುಂಡನೆಯ ಒಂದು ಗುರುತಿತ್ತು. ಕಪ್ಪಗೆ, ಒರಟಾಗಿ, ಕಾಲಿನ ಆಣಿಯ ಹಾಗೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುವುದು ಅವರ ಪದ್ಧತಿ. ಮೂವತ್ತು ವರ್ಷ ಹಾಗೆ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು. "ಮೂರನೇ ಸಿಲಿಂಡರ್ ಅಳಾಕತ್ತೈತ್ರಿ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಮೂರನೆಯದೇ.

ಯಶವಂತನಗರದ ಗಣಿ ಆಫೀಸಿನಲ್ಲಿ ನಾನು ಸ್ಟೆನೋ ಆಗಿದ್ದೆ, ಅವರು ಡಂಪರ್ ರಿಪೇರಿ ಮಾಡುವ ಮೇಸ್ತ್ರಿ. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಬೆಳೆದ ನನ್ನ ಇಂಗ್ಲಿಷಿನ ಬಗ್ಗೆ ಅವರಿಗೆ ದೊಡ್ಡ ಭಕ್ತಿ. ನಾನು "ಎಕ್ಸ್‌ಕ್ಯೂಸ್ ಮಿ" ಅಂದರೂ ಸಾಕು, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ನಿಲ್ಲುತ್ತಿದ್ದರು. ಹೊಸಪೇಟೆಯಲ್ಲಿ ನಮ್ಮಿಬ್ಬರದು ಎದುರುಬದುರು ಮನೆ. ನನಗೆ ಮದುವೆಯಾಗಿರಲಿಲ್ಲ, ಅವರ ಹೆಂಡತಿಯ ಅಡುಗೆಮನೆಯೇ ನನ್ನ ಅರ್ಧ ಸಂಸಾರ. ಗಂಡ ಹೆಂಡತಿ ಇಬ್ಬರಿಗೂ ನಾನು ಮೇಡಮ್ಮ. ಮೇಡಂ ಅಂದರೆ ದೂರವಾಯಿತು, ಅಮ್ಮ ಅಂದರೆ ಸಲಿಗೆಯಾಯಿತು ಅಂತ ಅವರೇ ಹುಡುಕಿದ ಹೆಸರು.

ಅದಿರಿಗೆ ಗಿರಾಕಿಯಿಲ್ಲದೆ ಡಂಪರ್‌ಗಳು ಸಾಲಾಗಿ ನಿಂತ ಒಂದು ವರ್ಷ ಅವರು ಮಸ್ಕತ್ತಿಗೆ ಹೋದರು. ಅರ್ಜಿ ಟೈಪ್ ಮಾಡಿದವಳು ನಾನೇ. "ಎರಡ ವರ್ಷ ಮೇಡಮ್ಮ, ಆಮ್ಯಾಲೆ ಬಂದುಬಿಡ್ತೀನಿ" ಎಂದಿದ್ದರು. ಹದಿನೆಂಟು ವರ್ಷವಾಯಿತು. ವರ್ಷಕ್ಕೆ ಒಂದು ತಿಂಗಳು ರಜೆ. "ನನ್ನ ಗಂಡ ಅಂದ್ರ ಯುಗಾದಿ ಇದ್ದಂಗ್ರಿ. ವರ್ಷಕ್ಕೊಮ್ಮೆ ಬರ್ತಾನ, ಎಣ್ಣಿ ಹಚಗೊಂಡು ಉಂಡು ಹೊಕ್ಕಾನ" ಎಂದು ಅವರ ಹೆಂಡತಿ ಹೇಳಿ ನಗುತ್ತಿದ್ದಳು. ಆ ನಗು ನನಗೆ ಒಂದು ದಿನವೂ ಹಿಡಿಸಲಿಲ್ಲ.

ಶುಕ್ರವಾರ ಅವರಿಗೆ ರಜೆ. ಮನೆಗೆ ಮಾತಾಡಿ ಮುಗಿಸಿದ ಮೇಲೆ ನನಗೆ ಫೋನ್. ಮೊದಲ ಪ್ರಶ್ನೆ ನನ್ನ ಆರೋಗ್ಯದ್ದಲ್ಲ, ಮಿಕ್ಸಿಯದ್ದು. "ಚಾಲೂ ಮಾಡಿ ಫೋನ್ ಬಾಜೂಕ ಹಿಡೀರಿ" ಎನ್ನುವುದು, ಸಮುದ್ರದಾಚೆ ಕೂತು ಕೇಳುವುದು, "ಬುಷ್ ಹೋಗೇತಿ, ಇನ್ನ ಹದಿನೈದು ದಿನ ಬಂದ್ರ ಭಾಳ ಆತು" ಎನ್ನುವುದು. ಹದಿನಾರನೇ ದಿನ ಮಿಕ್ಸಿ ನಿಲ್ಲುತ್ತಿತ್ತು. ಆನೆಸ್ಟ್ಲಿ, ಇಂಥ ಕಿವಿ ನಾನು ಇನ್ನೊಂದು ಕಂಡಿಲ್ಲ.

ಎರಡನೇ ಪ್ರಶ್ನೆ: "ಬಂದುಬಿಡ್ಲೇನ್ರಿ ಮೇಡಮ್ಮ?"

ಎರಡು ವರ್ಷದ ಗಡುವು ಮುಗಿದಂದಿನಿಂದ ಇದು ಶುರು. "ಒಂದು ರಾಜೀನಾಮೆ ಬರೀರಿ, ಜಲ್ದಿ ಕಳಿಸ್ರಿ, ನಾಳೆನ ಕೊಡ್ತೀನಿ" ಎನ್ನುತ್ತಿದ್ದರು. ಮೊದಲನೆಯದನ್ನು ನಾನು ಬಹಳ ಮನಸ್ಸಿಟ್ಟು ಬರೆದೆ. ಸಿಸ್ಟರ್ ಸುಪೀರಿಯರ್ ಓದಿದ್ದರೆ ಭೇಷ್ ಎನ್ನಬೇಕು, ಅಂಥ ಕಾಗದ. ಕೊಡಲಿಲ್ಲ. ಹೊಸ ಫೋರ್‌ಮನ್ ಒಳ್ಳೆಯವನಂತೆ. ಎರಡನೆಯ ಸಲ, ರಂಜಾನ್ ಮುಗಿಯಲಿ ಎಂದರು. ಮೂರನೆಯ ಸಲ ಇಲ್ಲಿ ಗಣಿಗಳೇ ನಿಂತಿದ್ದವು, ಬಂದು ಏನು ಮಾಡಲಿ ಎಂದರು. ನಾಲ್ಕನೆಯ ಸಲ ಕಾರಣವನ್ನೇ ಹೇಳಲಿಲ್ಲ. ಐದನೆಯದರಿಂದ ನಾನು ತಾರೀಖು ಮಾತ್ರ ಬದಲಿಸುತ್ತಿದ್ದೆ. ಹೀಗೆ ಹತ್ತು ಕಾಗದ. ಫಾರ್ ಹೆವನ್ಸ್ ಸೇಕ್, ಒಬ್ಬ ಮನುಷ್ಯ ಒಂದೇ ಕೆಲಸಕ್ಕೆ ಹತ್ತು ಸಲ ರಾಜೀನಾಮೆ ಬರೆಸುತ್ತಾನೆಯೇ?

"ಅವ್ರ ಕಿವಿ ಬರೇ ಮಷೀನಿಗೆ ಐತ್ರಿ" ಎನ್ನುತ್ತಿದ್ದಳು ಹೆಂಡತಿ, ರೊಟ್ಟಿ ತಟ್ಟುತ್ತ. "ನಾನೂ ಒಂದೀಟು ಸೌಂಡ್ ಮಾಡಿದ್ರ ಕೇಳ್ತಿದ್ರೇನೋ."

ಆಮೇಲೆ ತೈಲದ ಬೆಲೆ ಕುಸಿದ ವರ್ಷ ಬಂತು. ಅವರ ಕಂಪನಿಯಲ್ಲಿ ಜನರನ್ನು ತೆಗೆಯತೊಡಗಿದರು. ಕ್ಯಾಂಪಿನಲ್ಲಿ ಅರ್ಧ ಮಂಚ ಖಾಲಿ. ಉಳಿದವರದು ಸಂಜೆ ಕೂತು ಇದೊಂದೇ ಮಾತಂತೆ: ಹೋಗುವುದೋ, ಇರುವುದೋ. ಪ್ರತಿ ಶುಕ್ರವಾರ ನನಗೆ ವರದಿ.

"ಕೇರಳದವ ಹೊಂಟ ಮೇಡಮ್ಮ. ರಬ್ಬರ್ ತೋಟ ಐತಂತ ಅವಂಗ. ಕಡಪಾದವ ಮಾತ್ರ ದಬ್ಬಿದ್ರೂ ಹೋಗಂಗಿಲ್ಲ ಅಂತಾನ. ನಾ ಏನ್ಮಾಡ್ಲಿ?"

"ನೀವು ಕೇರಳದವರೂ ಅಲ್ಲ, ಕಡಪಾದವರೂ ಅಲ್ಲ. ನಿಮ್ಮ ತಲಿ ನೀವು ಓಡಿಸ್ರಿ" ಎಂದೆ.

"ಹಂಗಂದ್ರ ಹೆಂಗ್ರಿ? ಕಲಿತವರು ನೀವು."

ಕೊನೆಗೆ ಕಂಪನಿ ಒಂದು ನೋಟಿಸ್ ಹಾಕಿತು. ತಿಂಗಳ ಕೊನೆಯೊಳಗೆ ತಾವಾಗಿಯೇ ಬರೆದುಕೊಟ್ಟವರನ್ನು ಸರ್ಟಿಫಿಕೇಟ್, ಟಿಕೆಟ್ಟು, ಬರಬೇಕಾದದ್ದೆಲ್ಲ ಕೊಟ್ಟು ಮರ್ಯಾದೆಯಿಂದ ಕಳಿಸುತ್ತದೆ. ಆಮೇಲೆ ತೆಗೆದರೆ ಯಾವುದಕ್ಕೂ ಭರವಸೆಯಿಲ್ಲ. ಇತ್ತ ಕಂಪ್ಲಿಯ ಒಂದು ರೈಸ್‌ಮಿಲ್ಲಿನವರಿಗೆ ಮಷೀನು ನೋಡಿಕೊಳ್ಳುವವರು ಬೇಕಾಗಿದ್ದರು. ಹೊಸ ಭತ್ತ ಬರುವತನಕ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಬರೆದುಕೊಟ್ಟರೆ ಮನೆ, ಮಿಲ್ಲು ಎರಡೂ. ತಡಮಾಡಿದರೆ ಎರಡೂ ಕಡೆಯಿಂದ ಬರಿಗೈ. ಎರಡನೇ ಕ್ಲಾಸಿನ ಮಗು ಉತ್ತರ ಹೇಳುವ ಪ್ರಶ್ನೆ.

ಮೇಸ್ತ್ರಿ ಉತ್ತರವನ್ನು ದೇವರಿಗೆ ಬಿಟ್ಟರು.

ನಮ್ಮ ಕಡೆ ಪ್ರಸಾದ ಕೇಳುವುದು ಅಂತ ಇದೆ. ಪೂಜಾರಿ ದೇವರ ಮೈಗೆ ನೀರಿನಲ್ಲಿ ಅದ್ದಿದ ಹೂವಿನ ಎಸಳು ಅಂಟಿಸುತ್ತಾರೆ. ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಂಡು ಕೂಡಬೇಕು. ದೇವರ ಬಲಕ್ಕೆ ಉದುರಿದರೆ ಹೂಂ, ಎಡಕ್ಕೆ ಉದುರಿದರೆ ಉಹೂಂ. ಮಸ್ಕತ್ತಿನಲ್ಲಿದ್ದವರ ಪರವಾಗಿ, ಕಾನ್ವೆಂಟಿನಲ್ಲಿ "ನಾನ್ಸೆನ್ಸ್" ಎಂಬ ಶಬ್ದವನ್ನು ಮೊದಲು ಕಲಿತ ನಾನು, ಮೊಣಕಾಲು ನೋವಿಟ್ಟುಕೊಂಡು, ವಿಡಿಯೋ ಕಾಲ್ ಹಿಡಿದು ಗುಡಿಯಲ್ಲಿ ಕೂತೆ. ಹೆಂಡತಿಯನ್ನು ಕಳಿಸುವ ಹಾಗಿರಲಿಲ್ಲ. "ಆಕಿ ಬಾ ಅಂತನ ಕೇಳ್ತಾಳ. ನೀವಾದ್ರ ನ್ಯೂಟ್ರಲ್ಲು" ಎಂದರು.

ನಮ್ಮ ಓಣಿಯ ವೀರಭದ್ರ ಬಲಕ್ಕೆ ಕೊಟ್ಟ. ಸರಿ, ಮುಗಿಯಿತಲ್ಲ? ಇಲ್ಲ. "ಇನ್ನೊಂದು ಗುಡಿಯಾಗ ಕೇಳ್ರಿ ಮೇಡಮ್ಮ. ಡಾಕ್ಟರ್ ಹತ್ರನೂ ಸೆಕೆಂಡ್ ಒಪೀನಿಯನ್ ತಗೊಂತೀವಲ್ಲ." ಕಂಪ್ಲಿ ರಸ್ತೆಯ ಆಂಜನೇಯ ಐದೇ ನಿಮಿಷದಲ್ಲಿ ಎಡಕ್ಕೆ ಕೊಟ್ಟ. ಮತ್ತೆ ಬಸ್ಸು ಹತ್ತಿ ಸಂಡೂರಿನ ಹತ್ತಿರದ ಒಂದು ಅಮ್ಮನ ಗುಡಿಗೆ ಹೋದೆ. ಅದು ಬಲಕ್ಕೆ. ಎರಡು ಬಲ, ಒಂದು ಎಡ.

"ಮೆಜಾರಿಟಿ ಬಂತಲ್ರಿ" ಎಂದೆ.

"ಬಂತು. ಆದ್ರ ಎಡ ಕೊಟ್ಟಾತಗ ಸಿಟ್ಟು ಬಂದ್ರ?"

ಫೋನನ್ನು ಆ ಗುಡಿಯ ಬಾವಿಗೆ ಎಸೆಯಬೇಕು ಅನ್ನಿಸಿತು.

ತಿಂಗಳ ಕೊನೆಯ ದಿನ. ಹನ್ನೊಂದನೇ ಕಾಗದ ತಯಾರಿತ್ತು. ಅವರ ಇಂಗ್ಲಿಷ್ ವ್ಯವಹಾರವೆಲ್ಲ ನನ್ನದೇ ಆದ್ದರಿಂದ ಇಮೇಲಿನ ಪಾಸ್‌ವರ್ಡೂ ನನ್ನಲ್ಲೇ. ಬೆಳಿಗ್ಗೆ ಫೋನ್ ಮಾಡಿದರು. "ಲಾಸ್ಟ್ ರೀ. ವೀರಭದ್ರಗ ಇನ್ನೊಮ್ಮೆ ಕೇಳ್ರಿ. ನಾ ಡ್ಯೂಟಿಮ್ಯಾಲೆ ಇರ್ತೀನಿ, ವಿಡಿಯೋ ಬ್ಯಾಡ. ಬಲ ಕೊಟ್ರ ನೀವ ಕಳಿಸಿಬಿಡ್ರಿ, ನನಗ ಕೇಳಬ್ಯಾಡ್ರಿ. ಎಡ ಕೊಟ್ರ ಇಲ್ಲೇ ಬಿದ್ದಿರ್ತೀನಿ." ದನಿಯಲ್ಲಿ ಎಂದೂ ಇಲ್ಲದ ನಡುಕವಿತ್ತು. ನನಗೆ ಅಯ್ಯೋ ಅನ್ನಿಸಬೇಕಿತ್ತು. ಸಿಟ್ಟೇ ಬಂತು.

ಗುಡಿಯಲ್ಲಿ ನಾನು, ಪೂಜಾರಿ ಇಬ್ಬರೇ. ಎಸಳು ಅಂಟಿಸಿದರು. ಅರ್ಧ ಗಂಟೆ. ಒಂದು ಗಂಟೆ. ಎಸಳು ಅಲ್ಲಾಡಲಿಲ್ಲ. ಬಲವೂ ಇಲ್ಲ, ಎಡವೂ ಇಲ್ಲ, ಮೇಸ್ತ್ರಿಯ ಹಾಗೆಯೇ ಅಂಟಿಕೊಂಡು ಕೂತಿತ್ತು. ಪೂಜಾರಿ ಎರಡು ಸಲ ಗಂಟೆ ಬಾರಿಸಿದರು, ಒಂದು ಸಲ ಆಕಳಿಸಿದರು.

"ಇವತ್ತು ಅಪ್ಪ ಕೊಡವಲ್ಲ ನೋಡ್ರಿ. ನಾಳೆ ಬರ್ರಿ."

"ನಾಳೆ ಬಂದು ಏನ್ಮಾಡ್ಲಿ?"

"ಹಂಗಾದ್ರ ಕುಂದ್ರಿ."

ಕೂಡಲಿಲ್ಲ. ಕಂಬ ಹಿಡಿದು ಎದ್ದೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕಾಗದವನ್ನು ಕಂಪನಿಗೆ ಕಳಿಸಿಬಿಟ್ಟೆ. ಆಮೇಲೆ ಅವರಿಗೆ ಎರಡು ಶಬ್ದದ ಮೆಸೇಜ್: "ಬಲಕ್ಕೆ ಬಿತ್ತು."

ದೇವರ ಹೆಸರಿನಲ್ಲಿ ಶುದ್ಧ ಸುಳ್ಳು. ಸಿಸ್ಟರ್‌ಗಳು ನನ್ನನ್ನು ಅದಕ್ಕಾಗಿ ಬೆಳೆಸಿರಲಿಲ್ಲ.

ಹಗ್ಗ ಬಿಗಿದ ಮೂರು ರಟ್ಟಿನ ಪೆಟ್ಟಿಗೆಗಳೊಂದಿಗೆ ಬಂದರು. ಒಂದು ತಿಂಗಳು ಎಲ್ಲ ಚೆನ್ನಾಗಿತ್ತು. ಬೆಳಿಗ್ಗೆ ಕಂಪ್ಲಿ ಬಸ್ಸಿಗೆ ಹೋಗುವುದು, ಸಂಜೆ ಮೈತುಂಬ ತೌಡಿನ ಪುಡಿ ಮಾಡಿಕೊಂಡು ಬರುವುದು. ಆಮೇಲೆ ಶುರುವಾಯಿತು ನೋಡಿ. ಅಲ್ಲಿ ರಸ್ತೆ ಹೀಗಿಲ್ಲ, ಅಲ್ಲಿ ಕರೆಂಟು ಹೋಗುವುದಿಲ್ಲ, ಅಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಬೆಂಡೆಕಾಯಿ ಕೂಡ ಅಲ್ಲಿಯದೇ ಎಳೆಯದು. ಹೆಂಡತಿಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದರು. ಹದಿನೆಂಟು ವರ್ಷ ಒಬ್ಬಳೇ ನಡೆಸಿದ ಅಡುಗೆಮನೆ ಅದು.

"ಮೇಡಮ್ಮ, ಇನ್ನೊಂದು ಲೆಟರ್ ಬರೀರಿ, ವಾಪಸ್ ಕಳಿಸೂಣು" ಎಂದಳು ಆಕೆ. "ಯುಗಾದಿ ದಿನಾ ಬಂದ್ರ ಹೋಳಿಗಿ ಮಾಡೋರು ಯಾರ್ರಿ?"

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಅವರ ವರ್ಕ್‌ಶಾಪಿನಲ್ಲಿ ಬರೆದುಕೊಡದೆ ಉಳಿದವರನ್ನು ಕಂಪನಿ ತೆಗೆಯಲೇ ಇಲ್ಲ. ಕಡಪಾದವನು ಅಲ್ಲೇ ಇದ್ದ, ಫೋರ್‌ಮನ್ನೂ ಆದ. ಅಂದಿನಿಂದ ಪ್ರತಿ ಸಂಜೆ ನನ್ನ ಕಟ್ಟೆಯ ಮೇಲೆ ಕೂತು ಅದೇ ಪುರಾಣ. "ನಾನೂ ಇದ್ದಿದ್ರ ಫೋರ್‌ಮನ್ ಆಗ್ತಿದ್ದೆ. ಏನ್ಮಾಡೋದು, ದೇವರು ಬಲಕ್ಕ ಕೊಟ್ಟುಬಿಟ್ಟ." ಸಿಟ್ಟೆಲ್ಲ ವೀರಭದ್ರನ ಮೇಲೆ. ಗುಡಿಯ ಮುಂದೆ ಹಾದುಹೋಗುವಾಗ ಕೈ ಎತ್ತಿ ಮುಗಿಯುವುದನ್ನೂ ಬಿಟ್ಟರು.

ಮಾಡದ ತಪ್ಪಿಗೆ ದೇವರು ಬೈಸಿಕೊಳ್ಳುವುದನ್ನು ಎಷ್ಟು ದಿನ ಕೇಳಲಿ? ಒಂದು ಸಂಜೆ ತಡೆಯಲಾಗಲಿಲ್ಲ.

"ವೀರಭದ್ರ ಏನೂ ಕೊಡಲಿಲ್ಲ! ಹೂವು ಬೀಳಲೇ ಇಲ್ಲ. ಕಳಿಸಿದಾಕಿ ನಾನು. ಬೈಯೋದಿದ್ದರ ನನಗ ಬೈರಿ, ಪೂರ್ ಗಾಡ್‌ನ ಬಿಡ್ರಿ!"

ಅವರು ಚಹಾದ ಲೋಟ ಪೂರ್ತಿ ಕುಡಿದು, ನಲ್ಲಿಯಲ್ಲಿ ತೊಳೆದು, ಬೋರಲು ಹಾಕಿ ಎದ್ದು ಹೋದರು.

ಹನ್ನೆರಡು ದಿನ ನನ್ನ ಕಟ್ಟೆ ಹತ್ತಲಿಲ್ಲ. ಹೆಂಡತಿ ಬಂದು ಸುಮ್ಮನೆ ನನ್ನ ಪಕ್ಕ ಕೂತು ಹೋಗುತ್ತಿದ್ದಳು, ಅವಳಿಗೂ ಗೊತ್ತಾಗಿತ್ತು. ನನ್ನ ಮಾತು ನನಗೇ ಚುಚ್ಚುತ್ತಿತ್ತು. ಆ ಮನುಷ್ಯನ ಹದಿನೆಂಟು ವರ್ಷದ ಅನ್ನವನ್ನು ಒಂದು ಮೊಣಕಾಲು ನೋವಿನ ಸಿಟ್ಟಿನಲ್ಲಿ ಒದ್ದುಬಿಟ್ಟೆನೇ? ಯಾವ ಅಧಿಕಾರ ನನಗೆ? ಜೀವಮಾನವೆಲ್ಲ ಬೇರೆಯವರ ಮಾತನ್ನು ಟೈಪ್ ಮಾಡಿದವಳು. ಸಹಿ ಸಾಹೇಬರದು, ಕೆಳಗೆ ಮೂಲೆಯಲ್ಲಿ ನನ್ನ ಹೆಸರಿನ ಎರಡಕ್ಷರ.

ಹದಿಮೂರನೇ ದಿನ ಬಂದರು. ಕೂಡಲಿಲ್ಲ, ನಿಂತೇ ಇದ್ದರು.

"ದೇವರ ಹೇಳ್ಯಾನಂತ ಯಾಕ ಹೇಳಿದ್ರಿ?"

"ಇಲ್ಲಾಂದ್ರ ನೀವು ಬರ್ತಿರಲಿಲ್ಲ."

"ಹದಿನಾರು ವರ್ಷ ಬರ್ಲೇನ್ರಿ ಅಂತ ಕೇಳಿದ್ದು ನಿಮಗ, ವೀರಭದ್ರಗ ಅಲ್ಲ. ಒಂದಿನ ಆದ್ರೂ ಬರ್ರಿ ಅಂದ್ರಿ? ನಿಮ್ಮ ತಲಿ ಓಡಿಸ್ರಿ, ನಿಮ್ಮ ತಲಿ ಓಡಿಸ್ರಿ, ಅಷ್ಟ. ಬರ್ರಿ ಅಂತ ನೀವು ಒಮ್ಮೆ ಅಂದಿದ್ರ ಬಂದುಬಿಡ್ತಿದ್ದೆ."

ಪ್ರತಿ ಶುಕ್ರವಾರ ಕೇಳಿದ ಆ ಪ್ರಶ್ನೆಯನ್ನು ನಾನು ಅವರ ದುರ್ಬಲತೆ ಎಂದುಕೊಂಡಿದ್ದೆ. ನನ್ನ ಮಾತಿಗೆ ಯಾರಾದರೂ ಅಷ್ಟು ಬೆಲೆ ಕೊಡಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಮೇಲೆ ಬರಬಾರದು ಅಂತ ಜವಾಬ್ದಾರಿಯನ್ನು ಹತ್ತು ಕಾಗದಗಳಲ್ಲಿ ಮಡಿಸಿ ಕಳಿಸಿದ್ದೆ.

"ಕುಂದ್ರಿ" ಎಂದೆ. ಕೂತರು. ಮಸ್ಕತ್ತಿನ ಪುರಾಣ ಮತ್ತೆ ಶುರುವಾಯಿತು, ಅದೇನೂ ನಿಲ್ಲಲಿಲ್ಲ. ಆದರೆ ದೇವರನ್ನು ಬಿಟ್ಟು ನನಗೇ ಬೈಯತೊಡಗಿದರು. "ಈ ಮೇಡಮ್ಮ ನನ್ನ ನೌಕರಿ ತಗದಾಕಿ" ಎಂದು ಮಿಲ್ಲಿನವರಿಗೆಲ್ಲ ನನ್ನನ್ನು ಪರಿಚಯಿಸುತ್ತಿದ್ದರು, ಯಾವುದೋ ಪದವಿ ಹೇಳುವ ಹಾಗೆ.

ಆರು ವರ್ಷ ಮನೆಯಲ್ಲಿದ್ದರು. ಹೋದ ಮಾಘದಲ್ಲಿ, ಮಿಲ್ಲಿಗೆ ರಜೆಯಿದ್ದ ದಿನ, ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರಿಗೆ ಬೈದ ಬೈಗುಳವೆಲ್ಲ ನೆನಪಿವೆ ನನಗೆ, ಒಂದನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ಅವು ನಮ್ಮ ಸ್ನೇಹದ ಭಾಷೆ.

ತಿಂಗಳಾದ ಮೇಲೆ ಅವರ ಹೆಂಡತಿ ಬಂದಳು. ಸಂಡೂರಿನಲ್ಲಿರುವ ತಂಗಿ ತನ್ನ ಜೊತೆ ಬಂದು ಇರು ಎಂದು ಹಟ ಹಿಡಿದಿದ್ದಳು. ಅಲ್ಲಿ ಹೋದರೆ ಒಂದು ಮೂಲೆಯ ಕೋಣೆ, ತಂಗಿಯ ಸೊಸೆಯ ಅಡುಗೆಮನೆ.

"ಹೋಗ್ಲೇನ್ರಿ ಮೇಡಮ್ಮ?"

ನಿಮ್ಮ ಇಷ್ಟ, ಯೋಚನೆ ಮಾಡ್ರಿ ಎಂಬ ಮಾತು ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂತು. ನುಂಗಿದೆ.

"ಹೋಗಬ್ಯಾಡ್ರಿ" ಎಂದೆ. "ಇಲ್ಲೇ ಇರ್ರಿ."

ಆಕೆ ನನ್ನ ಮುಖವನ್ನೇ ನೋಡಿದಳು. "ಯಾವ ದೇವರ ಹೇಳಿದ್ನ್ರಿ?"

"ಯಾವ ದೇವರೂ ಅಲ್ಲ. ನಾ ಹೇಳಾಕತ್ತೀನಿ."

ಆಕೆ ಮೊಣಕಾಲ ಮೇಲೆ ಕೈಯೂರಿ ಎದ್ದಳು.

"ಹಂಗಾದ್ರ ನಾಳೆ ದ್ವಾಸಿಗೆ ಅಕ್ಕಿ ನೆನಿಹಾಕ್ತೀನಿ. ನಿಮಗೂ ಸೇರಿಸಿನ."